ಡೀಸೆಲ್ ಬಂಕೂ ಒಂದು ಪೇಟೆಯೇ

(ನವಲಗುಂದ ತಾಲೂಕಿನ ಹಳ್ಳಿಯೊಂದರಲ್ಲಿ ಸೇರಿದ್ದ ರೈತರ ಮುಂದೆ ಆಡಿದ ಮಾತಿನ ಬರಹರೂಪ)



ಇವತ್ತು ನಾನು ಬೆಂಬಲ ಬೆಲೆಯ ಬಗ್ಗೆ ಮಾತಾಡಲು ಬಂದಿಲ್ಲ. ಬೆಳೆ ವಿಮೆಯ ಬಗ್ಗೆಯೂ ಅಲ್ಲ. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಕೂತಿದ್ದಾರೆ. ನಾನು ಮಾತಾಡುವುದು ಡೀಸೆಲ್ ಬಂಕಿನ ಬಗ್ಗೆ. "ಬಂಕಿನ ಮ್ಯಾಲೆ ಏನ್ ಭಾಷಣರೀ?" ಅಂತ ಹಿಂದೆ ಕೂತವರು ನಗುತ್ತಿದ್ದೀರಿ. ನಗಿರಿ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ, ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿರಿ. ಹೋದ ವರ್ಷ ಗೊಬ್ಬರಕ್ಕೆ ನಿಮ್ಮ ಮನೆಯಿಂದ ಹೋದ ರೊಕ್ಕ ಎಷ್ಟು? ಚೀಲದ ಲೆಕ್ಕ ಸಮೇತ ಹೇಳುತ್ತೀರಿ. ಬೀಜಕ್ಕೆ, ಎಣ್ಣೆ ಹೊಡೆದದ್ದಕ್ಕೆ ಎಷ್ಟು? ಅದೂ ಬಾಯಿಪಾಠ. ಡೀಸೆಲ್ಲಿಗೆ ಎಷ್ಟು?

ನೋಡಿದಿರಾ, ಸಭೆ ಸುಮ್ಮನಾಯಿತು. ಒಮ್ಮೆ 500, ಒಮ್ಮೆ 2000, ಕೈಯಾಗ ಇದ್ದಷ್ಟು ಹಾಕಿಸುತ್ತೇವೆ. ಬಿಲ್ಲು ಕೇಳುವುದಿಲ್ಲ, ಬರೆದಿಡುವುದಿಲ್ಲ. ವರ್ಷದ ಕೊನೆಗೆ ಸೊಸೈಟಿ ಸಾಲ ಕಟ್ಟುವಾಗ ರೊಕ್ಕ ಎಲ್ಲಿ ಹೋಯಿತು ಅಂತ ತಲೆ ಕೆರೆದುಕೊಳ್ಳುತ್ತೇವೆ. ಹೋದದ್ದರಲ್ಲಿ ಒಂದು ದೊಡ್ಡ ಪಾಲು ರಬ್ಬರು ಕೊಳವೆಯಲ್ಲಿ ಹೋಗಿದೆ.

ಎತ್ತಿನ ಕಮತ ಇದ್ದಾಗ ಈ ಮಾತೇ ಇರಲಿಲ್ಲ. ಎತ್ತಿನ ಮೇವು ನಮ್ಮ ಹೊಲದಾಗೇ ಬೆಳೆಯುತ್ತಿತ್ತು. ಜೋಳದ ಕಣಿಕೆ, ಕಡಲೆ ಹೊಟ್ಟು, ಶೇಂಗಾ ಹೊಟ್ಟು ಕಣದಿಂದ ಬಣವೆಗೆ, ಬಣವೆಯಿಂದ ಗ್ವಾದಲಿಗೆ ಬರುತ್ತಿತ್ತು. ಕಣಿಕೆಯ ಮೇಲೆ ದಿಲ್ಲಿ ಸುಂಕ ಹಾಕಲಿಲ್ಲ, ಬೆಂಗಳೂರು ತೆರಿಗೆ ಹಾಕಲಿಲ್ಲ. ಈಗ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಣ್ಣಿನ ಎತ್ತು ಬಿಟ್ಟರೆ ಬೇರೆ ಎತ್ತು ಕಾಣದ ಮನೆಗಳು ಎಷ್ಟಿಲ್ಲ! ಬೇಕಾದವರು ಅದನ್ನು ಪ್ರಗತಿ ಅನ್ನಲಿ, ಬೇಡಾದವರು ಅವನತಿ ಅನ್ನಲಿ. ಆ ಜಗಳಕ್ಕೆ ನಾನು ಹೋಗುವುದಿಲ್ಲ. ಟ್ರ್ಯಾಕ್ಟರಿನ ಮೇವು ಬಂಕಿನಲ್ಲಿದೆ, ಅಷ್ಟೇ ನನ್ನ ಮಾತು. 45-50 ಅಶ್ವಶಕ್ತಿಯ ಟ್ರ್ಯಾಕ್ಟರು ರೋಟಾವೇಟರ್ ಹಿಡಿದು ಎರೆ ಹೊಲಕ್ಕೆ ಇಳಿದರೆ ಗಂಟೆಗೆ 5-6 ಲೀಟರ್ ಕುಡಿಯುತ್ತದೆ. ಸ್ವಂತ ಟ್ರ್ಯಾಕ್ಟರ್ ಇಲ್ಲದವರು "ನಮಗೇನು ಸಂಬಂಧ" ಅನ್ನಬೇಡಿ. ಗಂಟೆಯ ಬಾಡಿಗೆಯಲ್ಲಿ, ಹೆಸರು ಕಡಲೆ ಕೊಯ್ಯುವ ಯಂತ್ರದ ಎಕರೆ ದರದಲ್ಲಿ ನೀವು ಕೊಡುತ್ತಿರುವುದೂ ಡೀಸೆಲ್ಲಿನ ರೊಕ್ಕವೇ.

ಪಟ್ಟಣದ ಕಾರಿನವನಿಗೆ ಡೀಸೆಲ್ ಇವತ್ತು ಸಿಗದಿದ್ದರೆ ನಾಳೆ. ನಮಗೆ ಹಂಗಲ್ಲ. ಎರೆ ಭೂಮಿಯ ಗುಣ ನಿಮಗೆ ನಾನು ಹೇಳಬೇಕೇ? ಮಳೆ ಬಿದ್ದ ಮರುದಿನ ಕಾಲಿಟ್ಟರೆ ಮೊಳಕಾಲು ಮಟ ಹೂಳುತ್ತದೆ. ಮೂರು ನಾಲ್ಕು ದಿನಕ್ಕೆ ಹದ ಬರುತ್ತದೆ. ಆ ಹದ ಇರುವುದು ಇನ್ನೊಂದು ಮೂರು ನಾಲ್ಕು ದಿನ. ಆಮೇಲೆ ಹೆಂಟೆ ಕಲ್ಲಾಗುತ್ತದೆ. ಹೆಸರು ಬಿತ್ತುವವನು ಆ ನಾಲ್ಕು ದಿನದಲ್ಲಿ ಬಿತ್ತಬೇಕು. ಊರಿನ ಅಷ್ಟೂ ಟ್ರ್ಯಾಕ್ಟರುಗಳು ಒಂದೇ ವಾರದಲ್ಲಿ ಬಂಕಿಗೆ ಓಡುತ್ತವೆ. ಬಂಕಿನಲ್ಲಿ ಏನು ಕೊರತೆ ಇದ್ದರೂ ಅದು ಕಾಣಿಸುವುದು ಆ ವಾರವೇ.

2022ರ ಜೂನ್ ನೆನಪಿದೆಯೇ? ಮುಂಗಾರು ಬಿತ್ತನೆಯ ಹೊತ್ತಿಗೆ ಸರಿಯಾಗಿ ಬಂಕುಗಳ ಮುಂದೆ ಹಗ್ಗ ಕಟ್ಟಿ "ಸ್ಟಾಕ್ ಇಲ್ಲ" ಎಂಬ ಹಲಗೆ ತೂಗಿದವು. ದಿಲ್ಲಿಯ ಪೆಟ್ರೋಲಿಯಂ ಸಚಿವಾಲಯವೇ ಆ ತಿಂಗಳು ಹೇಳಿಕೆ ಕೊಟ್ಟಿತು: ರಾಜಸ್ಥಾನ, ಮಧ್ಯಪ್ರದೇಶ ಮತ್ತು ಕರ್ನಾಟಕದಲ್ಲಿ ಬೇಡಿಕೆ ಹಿಂದಿನ ವರ್ಷದ ಇದೇ ದಿನಗಳಿಗಿಂತ ಶೇಕಡಾ 50ರವರೆಗೆ ಏರಿದೆ, ದೇಶದಲ್ಲಿ ಸಾಕಷ್ಟು ಎಣ್ಣೆ ಇದೆ ಎಂದು. ಎಣ್ಣೆ ಇತ್ತು ನಿಜ. ಬಂಕಿನಲ್ಲಿ ಇರಲಿಲ್ಲ. ಯಾಕೆ ಗೊತ್ತೇ? ಆ ವರ್ಷ ಮಾರ್ಚಿಯಲ್ಲಿ ಸಗಟು ಡೀಸೆಲ್ಲಿನ ದರವನ್ನು ಲೀಟರಿಗೆ ಸುಮಾರು 25 ರೂಪಾಯಿ ಏರಿಸಿದರು. ಚಿಲ್ಲರೆ ದರ ಅಷ್ಟು ಏರಲಿಲ್ಲ. ಅದುವರೆಗೆ ನೇರವಾಗಿ ಟ್ಯಾಂಕರ್ ತರಿಸಿಕೊಳ್ಳುತ್ತಿದ್ದ ಕಾರಖಾನೆಯವರು, ಬಸ್ಸಿನವರು, ಗುತ್ತಿಗೆದಾರರು ನಮ್ಮ ನಿಮ್ಮ ಬಂಕಿಗೆ ಬಂದು ಸಾಲಿನಲ್ಲಿ ನಿಂತರು. ಖಾಸಗಿ ಕಂಪನಿಗಳು ನಷ್ಟದಲ್ಲಿ ಮಾರಲು ಒಲ್ಲೆವೆಂದು ಕೈ ಕಟ್ಟಿದವು. ಸರಕಾರಿ ಕಂಪನಿಯ ಬಂಕಿನ ಮೇಲೆ ಎಲ್ಲರ ಭಾರ ಬಿತ್ತು. ಹೆದ್ದಾರಿಯ ದೊಡ್ಡ ಬಂಕಿಗೆ ಟ್ಯಾಂಕರ್ ಬಂತು, ಹಳ್ಳಿಯ ಸಣ್ಣ ಬಂಕು ಒಣಗಿತು. ಜೂನ್ 17ಕ್ಕೆ ಕೇಂದ್ರ ಸರಕಾರ ಒಂದು ಆದೇಶ ಹೊರಡಿಸಿ, ಖಾಸಗಿಯವರ ಬಂಕೂ ಸೇರಿ ದೇಶದ ಎಲ್ಲ ಚಿಲ್ಲರೆ ಬಂಕುಗಳೂ ನಿಗದಿತ ವೇಳೆಯಲ್ಲಿ ತೆರೆದಿರಬೇಕು, ಯೋಗ್ಯ ದರದಲ್ಲಿ ಮಾರಬೇಕು ಎಂದಿತು. ಈ ಆದೇಶವನ್ನು ನೆನಪಿಡಿ. ಮತ್ತೊಂದು ಬಿತ್ತನೆಯಲ್ಲಿ "ಸ್ಟಾಕ್ ಇಲ್ಲರೀ" ಅಂದರೆ ತಹಶೀಲ್ದಾರರ ಮುಂದೆ ಹೋಗಿ ಇದನ್ನೇ ಕೇಳಬೇಕು. ಬಂಕಿನ ಹುಡುಗನ ಮೇಲೆ ಕೂಗಾಡಿದರೆ ಏನು ಸಿಗುತ್ತದೆ? ಅವನೂ ನಮ್ಮಂಥ ಮನೆಯ ಮಗನೇ, ಸಂಬಳಕ್ಕೆ ನಿಂತವನು.

ಇನ್ನು ಅಳತೆಗೆ ಬರೋಣ. ನಾನು ಬಂದದ್ದೇ ಇದಕ್ಕಾಗಿ.

ಅಮರಗೋಳದ ಎಪಿಎಂಸಿಗೆ ಮೆಣಸಿನಕಾಯಿ ಒಯ್ದಾಗ ನೀವು ಹೆಂಗ ನಿಲ್ಲುತ್ತೀರಿ? ತಕ್ಕಡಿಯ ಮುಂದೆ ಕಣ್ಣು ಮಿಟುಕಿಸದೆ ನಿಲ್ಲುತ್ತೀರಿ. ಚೀಲದ ತೂಕ ಅಂತ ಒಂದು ಕಿಲೋ ಹೆಚ್ಚಿಗೆ ಮುರಿದರೆ ಜಗಳ. ಸ್ಯಾಂಪಲ್ ಅಂತ ಮುಷ್ಟಿ ತುಂಬಿಕೊಂಡರೆ ಜಗಳ. ಹತ್ತಿಯ ತೂಕಕ್ಕೆ ಈ ನಾಡಿನ ರೈತ ಎಷ್ಟು ಸಲ ಪೇಟೆ ಬಂದ್ ಮಾಡಿಸಿಲ್ಲ! ಅದೇ ಮನುಷ್ಯ ಬಂಕಿಗೆ ಹೋದಾಗ ಮೊಬೈಲ್ ನೋಡುತ್ತ ನಿಲ್ಲುತ್ತಾನೆ. ಹೆಚ್ಚೆಂದರೆ "ಝೀರೋ ನೋಡ್ರೀ" ಅಂದಾಗ ತಲೆ ಆಡಿಸುತ್ತಾನೆ. ಝೀರೋ ನೋಡಿದರೆ ಹಿಂದಿನವನ ಲೆಕ್ಕ ನಮ್ಮ ತಲೆಗೆ ಬರಲಿಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ. ಮೀಟರು 20 ಲೀಟರ್ ತೋರಿಸಿದಾಗ ಕೊಳವೆಯಿಂದ 20 ಲೀಟರೇ ಬಿತ್ತೇ ಎಂಬುದು ಝೀರೋದಲ್ಲಿ ಕಾಣುವುದಿಲ್ಲ.

ಅದನ್ನು ನೋಡುವ ದಾರಿ ಬೇರೆ ಇದೆ. ಪ್ರತಿ ಬಂಕಿನಲ್ಲೂ 5 ಲೀಟರಿನ ಒಂದು ಲೋಹದ ಅಳತೆ ಪಾತ್ರೆ ಇರಲೇಬೇಕು. ಅದಕ್ಕೂ, ಪಂಪಿಗೂ ಕಾನೂನು ಮಾಪನ ಇಲಾಖೆ, ಅಂದರೆ ನಾವು ತೂಕ ಅಳತೆ ಇಲಾಖೆ ಅನ್ನುವುದು, ವರ್ಷಕ್ಕೊಮ್ಮೆ ತಪಾಸಣೆ ಮಾಡಿ ಮುದ್ರೆ ಒತ್ತಬೇಕು. ಗ್ರಾಹಕ ಕೇಳಿದರೆ ಅವನ ಮುಂದೆ ಆ ಪಾತ್ರೆಗೆ 5 ಲೀಟರ್ ಹಾಕಿ ತೋರಿಸಬೇಕು. ಇದಕ್ಕೆ ಪೈಸೆ ಕೊಡಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಪಾತ್ರೆಯ ಕುತ್ತಿಗೆಯ ಮೇಲೆ ಗೆರೆ ಇರುತ್ತದೆ. 5 ಲೀಟರಿಗೆ 25 ಮಿಲಿಲೀಟರಿನವರೆಗೆ ಹೆಚ್ಚು ಕಡಿಮೆಯಾದರೆ ಕಾನೂನು ಒಪ್ಪುತ್ತದೆ. ಅದಕ್ಕಿಂತ ಕಡಿಮೆ ಬಿದ್ದರೆ ಆ ಪಂಪಿನಿಂದ ಮಾರುವಂತಿಲ್ಲ.

ಕೇಳುವಾಗ ಎರಡು ವಿಷಯ ಗಮನಿಸಿ. ಒಂದು, ಪಾತ್ರೆಯನ್ನು ಮೊದಲು ಎಣ್ಣೆಯಿಂದ ತೋಯಿಸಿ, ಬೋರಲು ಹಾಕಿ ಸೋರಿಸಿ, ಆಮೇಲೆ ಅಳೆಯಬೇಕು. ಒಣ ಪಾತ್ರೆಗೆ ಹಾಕಿದರೆ ಮೈಗೆ ಅಂಟಿಕೊಂಡ ಎಣ್ಣೆಯಷ್ಟು ಕಡಿಮೆ ಕಾಣುತ್ತದೆ. ಆಗ ನೀವು ಸುಮ್ಮನೆ ಜಗಳ ತೆಗೆದಂತಾಗುತ್ತದೆ. ಇನ್ನೊಂದು, ಪಾತ್ರೆ ಸಮನಾದ ನೆಲದ ಮೇಲಿರಲಿ. ಡೀಸೆಲ್ ನೊರೆ ಕಟ್ಟುವ ಎಣ್ಣೆ, ನೊರೆ ಇಳಿಯುವ ತನಕ ತಾಳಿರಿ. ಈ ನೊರೆಯಿಂದಲೇ ಟ್ಯಾಂಕು ಅರ್ಧ ತುಂಬುವ ಮೊದಲೇ ಕೊಳವೆ ಟಕ್ಕೆಂದು ನಿಲ್ಲುವುದು. ಅದು ಮೋಸವಲ್ಲ. ನಿಧಾನಕ್ಕೆ ಬಿಡು ಅಂತ ಹೇಳಿದರೆ ಆಯಿತು. ಲಾರಿಗೆಂದು ಇಟ್ಟ ಜೋರಿನ ಕೊಳವೆಯಿಂದ ಕಾರಿಗೆ ಹಾಕಿಸಿಕೊಳ್ಳಲು ಹೋಗಿ ಮೈಮೇಲೆಲ್ಲ ಚೆಲ್ಲಿಸಿಕೊಂಡವರನ್ನು ನೋಡಿದ್ದೇನೆ.

ನಮ್ಮವರಲ್ಲಿ ಕೆಲವು ಮೂಢನಂಬಿಕೆಗಳೂ ಇವೆ. "500, 1000 ಅಂತ ಹಾಕಿಸಬಾರದು, 510 ಅಂತ ಹಾಕಿಸಬೇಕು, ಅವರು ರೌಂಡ್ ಫಿಗರಿಗೆ ಸೆಟ್ಟಿಂಗ್ ಮಾಡಿರತಾರ." "ನಸುಕಿನಾಗ ಹಾಕಿಸಿದರ ಎಣ್ಣೆ ದಪ್ಪ ಇರತೈತಿ, ಲಾಭ." ಎಣ್ಣೆ ನೆಲದೊಳಗಿನ ಟ್ಯಾಂಕಿನಲ್ಲಿರುತ್ತದೆ. ಅಲ್ಲಿ ನಸುಕಿಗೂ ಮಧ್ಯಾಹ್ನಕ್ಕೂ ಬಿಸಿಯಲ್ಲಿ ಅಂಥ ವ್ಯತ್ಯಾಸವಿಲ್ಲ. ಇನ್ನು ಪಂಪಿನ ಹೊಟ್ಟೆಯೊಳಗೆ ಕೈಯಾಡಿಸಿದ ಮೇಲೆ 500 ಆದರೇನು, 510 ಆದರೇನು? 2017ರಲ್ಲಿ ಉತ್ತರಪ್ರದೇಶದ ಪೊಲೀಸರು ಲಖನೌದ ಬಂಕುಗಳ ಮೇಲೆ ದಾಳಿ ಮಾಡಿದಾಗ ಪಂಪಿನೊಳಗೆ ಚಿಪ್ಪು ಕೂರಿಸಿ, ದೂರದಿಂದ ರಿಮೋಟ್ ಒತ್ತಿ ಅಳತೆ ಕಡಿಮೆ ಮಾಡುವ ಕಳ್ಳದಂಧೆ ಬಯಲಾಯಿತು. ಅಂಥದ್ದು ಹೊರಬೀಳುವುದು ಆ 5 ಲೀಟರಿನ ಪಾತ್ರೆಯಿಂದಲೇ. ಅದೂ ಮುಂಚೆ ಹೇಳದೆ, ಸಾಲಿನಲ್ಲಿ ನಿಂತಾಗ ಒಮ್ಮೆಲೇ ಕೇಳಿದರೆ.

ಕೇಳಿದರೆ ಏನು ಉಳಿಯುತ್ತದೆ? ಲೆಕ್ಕ ಹಾಕೋಣ. 200 ಲೀಟರಿನ ಬ್ಯಾರಲ್ಲಿಗೆ ಶೇಕಡಾ 2ರಷ್ಟು ಕಡಿಮೆ ಬಿದ್ದರೆ 4 ಲೀಟರ್ ಹೋಯಿತು. 2025ರ ಏಪ್ರಿಲ್ ಮೊದಲ ವಾರದ ಬೆಂಗಳೂರು ದರ 91 ರೂಪಾಯಿ ಹಿಡಿದರೆ 364 ರೂಪಾಯಿ. ವರ್ಷಕ್ಕೆ 1500 ಲೀಟರ್ ಸುಡುವ ಮನೆಗೆ 2,730 ರೂಪಾಯಿ. ಊರಿನಲ್ಲಿ ಅಂಥ 40 ಟ್ರ್ಯಾಕ್ಟರ್ ಇದ್ದರೆ ಲಕ್ಷದ ಮೇಲೆ ಹೋಯಿತು. ಎಲ್ಲ ಬಂಕಿನವರೂ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಬಹಳಷ್ಟು ಮಂದಿ ನೆಟ್ಟಗೆ ಅಳೆಯುತ್ತಾರೆ, ಅಂಥವರು ಪಾತ್ರೆ ಕೇಳಿದರೆ ಸಿಟ್ಟಾಗುವುದೂ ಇಲ್ಲ. ಸಿಟ್ಟಾದವನ ಬಂಕನ್ನು ಮಾತ್ರ ಗುರುತಿಟ್ಟುಕೊಳ್ಳಿರಿ.

ಅಳತೆಯ ನಂತರ ಗುಣ. ಪ್ರತಿದಿನ ಬೆಳಿಗ್ಗೆ ಬಂಕಿನವರು ಎಣ್ಣೆಯ ಸಾಂದ್ರತೆ ನೋಡಿ ಬರೆದಿಡಬೇಕು. ಅದನ್ನು 15 ಡಿಗ್ರಿ ಉಷ್ಣತೆಗೆ ಹೊಂದಿಸಿ ಲೆಕ್ಕ ಮಾಡುತ್ತಾರೆ. ಡೀಸೆಲ್ಲಿಗೆ ಸಾಮಾನ್ಯವಾಗಿ ಲೀಟರಿಗೆ 820ರಿಂದ 845 ಗ್ರಾಂ ಬರುತ್ತದೆ. ಟ್ಯಾಂಕರಿನ ಚಲನ್ನಿನಲ್ಲಿ ಬರೆದ ಅಂಕಿಗೂ ಬಂಕಿನ ಅಂಕಿಗೂ 3ಕ್ಕಿಂತ ಹೆಚ್ಚು ವ್ಯತ್ಯಾಸ ಬರಬಾರದು. ಸೀಮೆಎಣ್ಣೆ ಡೀಸೆಲ್ಲಿಗಿಂತ ಹಗುರ, ಬೆರೆಸಿದರೆ ಅಂಕಿ ಇಳಿಯುತ್ತದೆ. ಗಾಜಿನ ಜಾಡಿ, ಸಾಂದ್ರತೆಯ ಕಡ್ಡಿ, ಉಷ್ಣಮಾಪಕ ಮೂರೂ ಬಂಕಿನಲ್ಲಿ ಇರಬೇಕು. ಕೇಳಿದರೆ ನಿಮ್ಮ ಮುಂದೆ ಪರೀಕ್ಷೆ ಮಾಡಿ ತೋರಿಸಬೇಕು. ಕೆಲವರು ಫಿಲ್ಟರ್ ಕಾಗದ ಕೇಳುತ್ತಾರೆ. ಅದು ಪೆಟ್ರೋಲಿನ ಪರೀಕ್ಷೆ, ಡೀಸೆಲ್ ಕಾಗದದ ಮೇಲೆ ಹೆಂಗೂ ಕಲೆ ಬಿಡುತ್ತದೆ. ಗೊತ್ತಿಲ್ಲದೆ ಕೇಳಿದರೆ ಬಂಕಿನವರು ಒಳಗೊಳಗೇ ನಗುತ್ತಾರೆ.

ಕಲಬೆರಕೆಯ ಮಾತು ಬಂದಾಗ ಒಂದು ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿ ಊರಿನ ಹುಡುಗ ಮಂಜುನಾಥ ಷಣ್ಮುಗಂ. ಇಂಡಿಯನ್ ಆಯಿಲ್ ಕಂಪನಿಯಲ್ಲಿ ಅಧಿಕಾರಿಯಾಗಿ ಉತ್ತರಪ್ರದೇಶದ ಲಖೀಂಪುರ ಖೀರಿಗೆ ಹೋದ. ಕಲಬೆರಕೆ ಎಣ್ಣೆ ಮಾರುತ್ತಿದ್ದ ಬಂಕಿಗೆ ಬೀಗ ಹಾಕಿಸಿದ, ಮತ್ತೆ ತಪಾಸಣೆಗೆ ಹೋದ. 2005ರ ನವೆಂಬರ್ 19ರಂದು ಅವನನ್ನು ಗುಂಡಿಟ್ಟು ಕೊಂದರು. 27 ವರ್ಷದ ಹುಡುಗ. 2011ರ ಜನವರಿ 25ರಂದು ಮಹಾರಾಷ್ಟ್ರದ ಮನಮಾಡದ ಹತ್ತಿರ ಯಶವಂತ ಸೋನವಣೆ ಎಂಬ ಹೆಚ್ಚುವರಿ ಜಿಲ್ಲಾಧಿಕಾರಿಯನ್ನು ಎಣ್ಣೆಗಳ್ಳರು ಜೀವಂತ ಸುಟ್ಟರು. ಆಗ ಪಡಿತರದ ನೀಲಿ ಸೀಮೆಎಣ್ಣೆಗೂ ಡೀಸೆಲ್ಲಿಗೂ ದರದಲ್ಲಿ ಭಾರೀ ಅಂತರ ಇತ್ತು, ಬೆರೆಸಿದವನಿಗೆ ಬಂಗಾರ. ಸೀಮೆಎಣ್ಣೆಯ ಸಬ್ಸಿಡಿ ಹೋದ ಮೇಲೆ ಆ ಆಸೆ ಕಡಿಮೆಯಾಗಿದೆ. ನಮ್ಮ ಪರವಾಗಿ ಒಬ್ಬ ಅಧಿಕಾರಿ ಗುಂಡು ತಿಂದ ಮೇಲೂ ನಾವು ಒಂದು ಜಾಡಿ ಎಣ್ಣೆಯ ಪರೀಕ್ಷೆ ಕೇಳಲು ನಾಚುತ್ತೇವೆ.

ಈಗಿನ ದೊಡ್ಡ ಕಾಟ ನೀರು. ಬೆಣ್ಣೆಹಳ್ಳ ಉಕ್ಕಿದ ವರ್ಷ ನಮ್ಮ ಊರುಗಳು ಏನಾಗುತ್ತವೆ ಅಂತ ನಿಮಗೆ ಗೊತ್ತು. ನೆಲದೊಳಗಿನ ಟ್ಯಾಂಕಿನ ಮುಚ್ಚಳ ಸಡಿಲಿದ್ದರೆ ಮಳೆನೀರು ಇಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಎಣ್ಣೆ ತಳಮುಟ್ಟಿದಾಗ ಅಥವಾ ಹೊಸ ಟ್ಯಾಂಕರ್ ಸುರಿದು ಕಲಕಿದಾಗ ಅದು ನಮ್ಮ ಪಾಲಿಗೆ ಬರುತ್ತದೆ. ಆದ್ದರಿಂದ ಟ್ಯಾಂಕರ್ ನಿಂತು ಎಣ್ಣೆ ಇಳಿಸುತ್ತಿರುವಾಗ ಹಾಕಿಸಿಕೊಳ್ಳಬೇಡಿ, ಸ್ವಲ್ಪ ಹೊತ್ತು ಬಿಟ್ಟು ಹೋಗಿರಿ. ದೊಡ್ಡ ಮಳೆಯ ಮರುದಿನ "ನೀರಿನ ಪೇಸ್ಟ್ ಹಚ್ಚಿ ಕೋಲು ಇಳಿಸಿ ತೋರಸ್ರೀ" ಅಂತ ಕೇಳಿ. ಆ ಪೇಸ್ಟಿಗೆ ನೀರು ಮುಟ್ಟಿದರೆ ಬಣ್ಣ ಬದಲಾಗುತ್ತದೆ. ಮನೆಯಲ್ಲಿ ಟ್ರ್ಯಾಕ್ಟರಿನ ಫಿಲ್ಟರ್ ಬಟ್ಟಲಿನ ಕೆಳಗಿನ ತಿರುಪು ಬಿಚ್ಚಿ ವಾರಕ್ಕೊಮ್ಮೆ ನೀರು ಬಿಟ್ಟರೆ ಪಂಪು, ನಾಜಲ್ ಉಳಿಯುತ್ತವೆ. ಹದದ ದಿನ ಟ್ರ್ಯಾಕ್ಟರ್ ಹೊಲದ ನಡುವೆ ಕೆಮ್ಮಿ ನಿಂತರೆ ಹುಬ್ಬಳ್ಳಿಯಿಂದ ಮೇಸ್ತ್ರಿ ಬರುವ ತನಕ ಹದ ಕಾಯುತ್ತದೆಯೇ?

ನಿಮ್ಮಲ್ಲಿ ಜೀಪು, ಬೊಲೆರೋ, ಡೀಸೆಲ್ ಕಾರು ಇಟ್ಟವರಿಗೂ ಎರಡು ಮಾತು. ಪೆಟ್ರೋಲಿನ ಕೊಳವೆಯ ಮೂತಿ ಸಣ್ಣದು, ಡೀಸೆಲ್ಲಿನದು ದಪ್ಪ. ಡೀಸೆಲ್ ಮೂತಿ ಪೆಟ್ರೋಲ್ ಕಾರಿನ ಬಾಯಿಗೆ ಹೋಗುವುದಿಲ್ಲ, ಪೆಟ್ರೋಲ್ ಮೂತಿ ಡೀಸೆಲ್ ಕಾರಿನೊಳಗೆ ಸಲೀಸಾಗಿ ಹೋಗುತ್ತದೆ. ಆದ್ದರಿಂದ ಈ ಅನಾಹುತ ಆಗುವುದು ಹೆಚ್ಚಾಗಿ ಡೀಸೆಲ್ ಗಾಡಿಗೇ. ಹೊಸ ಗಾಡಿಗಳ ಪಂಪಿಗೆ ಡೀಸೆಲ್ಲೇ ಜಿಡ್ಡು, ಪೆಟ್ರೋಲ್ ಆ ಜಿಡ್ಡನ್ನು ತೊಳೆದುಬಿಡುತ್ತದೆ. ಹಂಗೇನಾದರೂ ಆದರೆ ಕೀಲಿ ತಿರುಗಿಸಬೇಡಿ. ದಬ್ಬಿಕೊಂಡು ಪಕ್ಕಕ್ಕೆ ಒಯ್ದು ಟ್ಯಾಂಕು ಖಾಲಿ ಮಾಡಿಸಿ. ಗಾಡಿ ಚಾಲೂ ಮಾಡಿದರೆ ಟ್ಯಾಂಕಿನ ಖರ್ಚಿನಲ್ಲಿ ಮುಗಿಯುವುದು ಇಂಜಿನ್ನಿಗೆ ಬರುತ್ತದೆ. ಕೆಳಗಿಳಿದು, "ಡೀಸೆಲ್" ಅಂತ ಬಾಯಿಬಿಟ್ಟು ಹೇಳಿ, ಕೊಳವೆ ನೋಡಿ ನಿಲ್ಲುವುದು ಒಳ್ಳೆಯದು. ಗಾಳಿ, ಕುಡಿಯುವ ನೀರು, ಶೌಚಾಲಯ ಪ್ರತಿ ಬಂಕಿನಲ್ಲೂ ಪುಕ್ಕಟೆ ಇರಬೇಕು. ಕೂಲಿಗೆ ಹೋಗುವ ಹೆಣ್ಣುಮಕ್ಕಳ ಟಂಟಂ ನಿಂತಾಗ ಆ ಬಾಗಿಲಿಗೆ ಬೀಗ ಇದ್ದರೆ ಕೀಲಿ ಕೇಳುವ ಹಕ್ಕು ಅವರಿಗಿದೆ.

ಈಗ ಕ್ಯಾನಿನ ತಕರಾರು. ಇದರಷ್ಟು ಸಿಟ್ಟು ತರಿಸುವುದು ಬೇರೊಂದಿಲ್ಲ. ಕಲಘಟಗಿ ಕಡೆ ಗೋವಿನಜೋಳದ ಹೊಲದಲ್ಲಿ ಟ್ರ್ಯಾಕ್ಟರ್ ನಿಂತಿರುತ್ತದೆ, ಮಗ ಬೈಕಿನ ಮೇಲೆ ಕ್ಯಾನು ಕಟ್ಟಿಕೊಂಡು ಬಂಕಿಗೆ ಬರುತ್ತಾನೆ. "ಕ್ಯಾನಿಗೆ ಕೊಡಂಗಿಲ್ಲ, ಮ್ಯಾಲಿಂದ ಆರ್ಡರ್ ಐತಿ." 20 ಲೀಟರ್ ಎಣ್ಣೆಗಾಗಿ ಟ್ರ್ಯಾಕ್ಟರನ್ನೇ ಹತ್ತು ಹದಿನೈದು ಕಿಲೋಮೀಟರ್ ಓಡಿಸಿದರೆ ಅದರಲ್ಲೇ ಎಷ್ಟು ಸುಡುತ್ತದೆ! ಕಾನೂನು ಏನು ಹೇಳುತ್ತದೆ ಕೇಳಿ. 1934ರ ಪೆಟ್ರೋಲಿಯಂ ಕಾಯಿದೆಯಲ್ಲಿ ಪೆಟ್ರೋಲ್ 'ಎ' ವರ್ಗ, ಬೇಗ ಹೊತ್ತುವ ಎಣ್ಣೆ. ಡೀಸೆಲ್ 'ಬಿ' ವರ್ಗ. ಈ ಕಾಯಿದೆಯ 7ನೆಯ ಕಲಮಿನ ಪ್ರಕಾರ 'ಬಿ' ವರ್ಗದ ಎಣ್ಣೆಯನ್ನು ಒಂದು ಜಾಗದಲ್ಲಿ 2,500 ಲೀಟರಿನವರೆಗೆ, ಒಂದೊಂದು ಪಾತ್ರೆ 1,000 ಲೀಟರ್ ಮೀರದಂತೆ ಇಟ್ಟುಕೊಳ್ಳಲು, ಸಾಗಿಸಲು ಲೈಸೆನ್ಸು ಬೇಕಿಲ್ಲ. ರೈತ ಒಂದು ಬ್ಯಾರಲ್ ಡೀಸೆಲ್ ಇಟ್ಟುಕೊಂಡರೆ ಅವನು ಅಪರಾಧಿಯಲ್ಲ. ನೀರಿನ ಬಾಟಲಿಗೆ, ತೆಳು ಪ್ಲಾಸ್ಟಿಕ್ ಡಬ್ಬಿಗೆ ಕೊಡುವುದಿಲ್ಲ ಅಂದರೆ ಬಂಕಿನವರ ಮಾತು ಸರಿ. ಗಟ್ಟಿ ಮುಚ್ಚಳದ ಲೋಹದ ಕ್ಯಾನು, ಬ್ಯಾರಲ್ಲು ತಂದಾಗಲೂ ಇಲ್ಲ ಅಂದರೆ "ಆ ಆರ್ಡರ್ ಕಾಗದ ತೋರಸ್ರೀ" ಅನ್ನಿ. ಗಲಭೆಯ ಸಂದರ್ಭದಲ್ಲಿ ಜಿಲ್ಲಾಡಳಿತ ಬಿಡಿ ಮಾರಾಟ ನಿಲ್ಲಿಸುವುದುಂಟು, ಕಂಪನಿಯ ಸೂಚನೆಯೂ ಇರಬಹುದು. ಆದರೆ ಕಾಗದ ಇರಬೇಕು, ಅದಕ್ಕೆ ತಾರೀಖು ಇರಬೇಕು. ಬಿತ್ತನೆ, ಸುಗ್ಗಿಯ ತಿಂಗಳುಗಳಲ್ಲಿ ಪಹಣಿ ತೋರಿಸಿದ ರೈತನಿಗೆ ಬ್ಯಾರಲ್ಲಿಗೆ ಡೀಸೆಲ್ ಕೊಡಬೇಕೆಂದು ಜಿಲ್ಲಾಧಿಕಾರಿಗಳಿಂದ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಿದರೆ ಈ ಜಗಳವೇ ಮುಗಿಯುತ್ತದೆ. ಮನವಿ ಬರೆದುಕೊಡುವ ಕೆಲಸ ನಾನು ಮಾಡುತ್ತೇನೆ. ಸಹಿ ನಿಮ್ಮದು.

ಕೊನೆಗೆ ತೆರಿಗೆ. ಇದು ಬಂಕಿನವರ ಕೈಯಲ್ಲಿಲ್ಲ, ಆದರೆ ಬಂಕಿನಲ್ಲೇ ವಸೂಲಾಗುತ್ತದೆ. 1980ರಲ್ಲಿ ಮಲಪ್ರಭೆಯ ಅಭಿವೃದ್ಧಿ ಕರ ಹೇರಿದಾಗ ಅದರ ನೋಟೀಸು ಮನೆಗೆ ಬಂದಿತ್ತು. ಕೈಯಲ್ಲಿ ಕಾಗದ ಹಿಡಿದು ಕೇಳಲು ಬಂತು. ಜುಲೈ 21ರಂದು ಇದೇ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಗುಂಡಿಗೆ ಬಿದ್ದದ್ದು ಆ ಕರದ ಪ್ರಶ್ನೆಯಿಂದ. ಡೀಸೆಲ್ಲಿನ ಕರಕ್ಕೆ ನೋಟೀಸಿಲ್ಲ, ತಲಾಠಿ ಇಲ್ಲ, ಜಪ್ತಿ ಇಲ್ಲ. 2014ರಲ್ಲಿ ಕೇಂದ್ರದ ಅಬಕಾರಿ ಸುಂಕ ಲೀಟರ್ ಡೀಸೆಲ್ಲಿಗೆ 3 ರೂಪಾಯಿ 56 ಪೈಸೆ. ಜಗತ್ತಿನಲ್ಲಿ ಕಚ್ಚಾ ತೈಲ ನೆಲಕಚ್ಚಿದ್ದ 2020ರ ಮೇ ತಿಂಗಳಲ್ಲಿ ಅದು 31 ರೂಪಾಯಿ 83 ಪೈಸೆ. ಎರಡು ಸಲ ಇಳಿಸಿ 2022ರ ಮೇದಲ್ಲಿ 15 ರೂಪಾಯಿ 80 ಪೈಸೆಗೆ ತಂದರು, 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ ಏರಿಸಿದರು. ಬೆಂಗಳೂರಿನವರೂ ಹಿಂದೆ ಬಿದ್ದಿಲ್ಲ. 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಶೇಕಡಾ 14.34ರಿಂದ 18.44ಕ್ಕೆ, 2025ರ ಏಪ್ರಿಲ್ 1ರಿಂದ 21.17ಕ್ಕೆ. ಆ ತಿಂಗಳ 91 ರೂಪಾಯಿಯ ಲೀಟರಿನಲ್ಲಿ ಎರಡೂ ಸರಕಾರಗಳ ಪಾಲು ಕೂಡಿಸಿದರೆ ಅಂದಾಜು 33 ರೂಪಾಯಿ. ನಾನು ಹೇಳಿದ ಆ 1500 ಲೀಟರಿನ ಮನೆ ಆಗಿನ ದರದಲ್ಲಿ ವರ್ಷಕ್ಕೆ 50 ಸಾವಿರದ ಹತ್ತಿರ ತೆರಿಗೆ ಕಟ್ಟಬೇಕಿತ್ತು. "ರೈತ ತೆರಿಗೆ ಕಟ್ಟೋದಿಲ್ಲ" ಅಂತ ಟಿವಿಯಲ್ಲಿ ಹೇಳುವವರಿಗೆ ಈ ಲೆಕ್ಕ ಕೊಡಿ.

ಇದರಲ್ಲಿ ಒಂದು ತಮಾಷೆಯಿದೆ. 2021ರ ಫೆಬ್ರುವರಿಯಿಂದ ಡೀಸೆಲ್ಲಿನ ಸುಂಕದಲ್ಲಿ ಲೀಟರಿಗೆ 4 ರೂಪಾಯಿಯನ್ನು 'ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್' ಎಂದು ಕರೆದರು. ಉಳುವವನ ಎಣ್ಣೆಯ ಮೇಲೆ, ಉಳುವವನ ಉದ್ಧಾರಕ್ಕಾಗಿ, ಉಳುವವನಿಂದಲೇ! ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರಿನಲ್ಲಿ 12ರಿಂದ 5ಕ್ಕೆ ಇಳಿಸಿದರು, ಒಳ್ಳೆಯದಾಯಿತು. ಆದರೆ 2017ರಲ್ಲಿ ಜಿಎಸ್‌ಟಿ ಬಂದಾಗ ಡೀಸೆಲ್ಲನ್ನು ಅದರ ಹೊರಗೇ ಇಟ್ಟರು. ಟ್ರ್ಯಾಕ್ಟರ್ ಕೊಳ್ಳುವುದು ಹತ್ತು ವರ್ಷಕ್ಕೊಮ್ಮೆ, ಡೀಸೆಲ್ ವಾರಕ್ಕೊಮ್ಮೆ.

ಬೇರೆ ದೇಶಗಳಲ್ಲಿ ಹೆಂಗೈತಿ? ಬ್ರಿಟನ್ನಿನಲ್ಲಿ ಹೊಲದ ಡೀಸೆಲ್ಲಿಗೆ ಕೆಂಪು ಬಣ್ಣ ಹಾಕಿ ಕಡಿಮೆ ಸುಂಕದಲ್ಲಿ ಕೊಡುತ್ತಾರೆ, ಅದನ್ನು ರಸ್ತೆಯ ಗಾಡಿಗೆ ಹಾಕಿ ಸಿಕ್ಕಿಬಿದ್ದರೆ ದಂಡ. ಜರ್ಮನಿಯಲ್ಲಿ ರೈತ ಕಟ್ಟಿದ ಸುಂಕದಲ್ಲಿ ಲೀಟರಿಗೆ 21 ಸೆಂಟಿನಷ್ಟು ವಾಪಸು ಕೊಡುತ್ತಿದ್ದರು. 2023ರ ಡಿಸೆಂಬರಿನಲ್ಲಿ ಅದನ್ನು ಕಿತ್ತುಕೊಳ್ಳಲು ಹೊರಟಾಗ ಟ್ರ್ಯಾಕ್ಟರುಗಳು ಬರ್ಲಿನ್ನಿಗೆ ನುಗ್ಗಿದವು, ಒಮ್ಮೆಲೇ ತೆಗೆಯುವ ಮಾತನ್ನು ಸರಕಾರ ಬಿಟ್ಟಿತು. 2024ರ ಜನವರಿಯಲ್ಲಿ ಫ್ರಾನ್ಸಿನ ರೈತರು ಹೊಲದ ಡೀಸೆಲ್ಲಿನ ತೆರಿಗೆ ಏರಿಕೆಯನ್ನು ರಸ್ತೆ ತಡೆದು ಹಿಂದಕ್ಕೆ ಪಡೆಯುವಂತೆ ಮಾಡಿದರು.

ಬಣ್ಣದ ಡೀಸೆಲ್ ನಮಗೆ ಬೇಡ ಎಂಬುದು ನನ್ನ ಅಭಿಪ್ರಾಯ. ನೀಲಿ ಸೀಮೆಎಣ್ಣೆಯ ಗತಿ ಏನಾಯಿತು ಅಂತ ಈಗಷ್ಟೇ ಹೇಳಿದೆ. ಅಗ್ಗದ ಎಣ್ಣೆ ಬಂಕಿಗೆ ಬಂದ ದಿನವೇ ಕಳ್ಳರೂ ಬರುತ್ತಾರೆ. ಜರ್ಮನಿಯಂತೆ ರೊಕ್ಕ ಖಾತೆಗೆ ವಾಪಸು ಬರಲಿ. ಇಲ್ಲಿಯೂ ಒಮ್ಮೆ ಆ ದಾರಿ ತೆಗೆದಿದ್ದರು. 2022ರ ರಾಜ್ಯ ಬಜೆಟ್ಟಿನಲ್ಲಿ 'ರೈತ ಶಕ್ತಿ' ಎಂದು ಎಕರೆಗೆ 250 ರೂಪಾಯಿ, ಗರಿಷ್ಠ 5 ಎಕರೆಗೆ 1,250 ರೂಪಾಯಿ ಘೋಷಿಸಿದರು. ಆಗ ಡೀಸೆಲ್ 85 ರೂಪಾಯಿ. 250 ರೂಪಾಯಿಗೆ 3 ಲೀಟರೂ ಬರಲಿಲ್ಲ, ರೋಟಾವೇಟರಿನ ಅರ್ಧ ಗಂಟೆಯ ಕೂಳು. ದಾರಿ ಸರಿ ಇತ್ತು, ಮೊತ್ತ ಮಾತ್ರ ಭಿಕ್ಷೆಯಂತಿತ್ತು. ಎಕರೆಗೆ ಬಿತ್ತನೆಯಿಂದ ಕೊಯ್ಲಿನ ತನಕ ಎಷ್ಟು ಲೀಟರ್ ಬೇಕೋ ಅಷ್ಟರ ತೆರಿಗೆಯನ್ನು ವಾಪಸು ಕೊಡಿ ಅಂತ ಕೇಳಬೇಕು. ಆದರೆ ಎಕರೆಗೆ ಎಷ್ಟು ಲೀಟರ್ ಅಂತ ಸರಕಾರ ಕೇಳಿದರೆ ನಾವು ಏನು ಹೇಳುತ್ತೇವೆ? ಮೊದಲಿಗೆ ನಾನು ಕೇಳಿದ ಪ್ರಶ್ನೆಗೆ ಈ ಸಭೆ ಸುಮ್ಮನೆ ಕೂತಿತ್ತಲ್ಲ!

ಅದಕ್ಕೇ ಈ ಹಂಗಾಮಿನಿಂದ ಪ್ರತಿ ಸಲ ಬಿಲ್ಲು ತೆಗೆದುಕೊಳ್ಳಿರಿ. ಅದರ ಹಿಂದೆ ಯಾವ ಹೊಲ, ಯಾವ ಕೆಲಸ, ಎಷ್ಟು ಗಂಟೆ ಅಂತ ಮಕ್ಕಳ ಕೈಯಲ್ಲಿ ಬರೆಯಿಸಿ ಮೊಳೆಗೆ ಚುಚ್ಚಿಡಿ. ಈಗಿನ ಬಿಲ್ಲಿನ ಶಾಯಿ ಕೆಲವು ತಿಂಗಳಲ್ಲಿ ಮಾಸುತ್ತದೆ, ಫೋನಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಅಳತೆ ಕಡಿಮೆ ಬಂದರೆ ಬಂಕಿನ ದೂರು ಪುಸ್ತಕದಲ್ಲಿ ಬರೆಯಿರಿ, ಪುಸ್ತಕ ಕೊಡುವುದು ಅವರ ಕರ್ತವ್ಯ. ಕಾನೂನು ಮಾಪನ ಇಲಾಖೆಗೆ ಅರ್ಜಿ ಕೊಡಿ, ಇಲ್ಲವೇ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ನೀರು ಬೆರೆತ ಎಣ್ಣೆಯಿಂದ ಇಂಜಿನ್ ಕೆಟ್ಟಿದ್ದರೆ ಆ ಎಣ್ಣೆಯನ್ನು ಚೆಲ್ಲಬೇಡಿ. ಎರಡು ಡಬ್ಬಿಗೆ ತುಂಬಿ, ನಾಲ್ಕು ಜನರ ಮುಂದೆ ಮುಚ್ಚಿ, ಸಹಿ ಹಾಕಿಸಿ, ಮೇಸ್ತ್ರಿಯಿಂದ ಬರೆಯಿಸಿಕೊಂಡು ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಂಡ ಮಾಲಿನ ಬೆಲೆ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು.

5 ಲೀಟರಿನ ಪಾತ್ರೆಯನ್ನು ಒಬ್ಬರೇ ಹೋಗಿ ಕೇಳಲು ಸಂಕೋಚವಾದರೆ ನಾಲ್ಕು ಮಂದಿ ಕೂಡಿ ಹೋಗಿರಿ, ಜಗಳಕ್ಕೆ ಹೋದಂತೆ ಹೋಗಬೇಡಿ. ಬ್ಯಾರಲ್ ತಂದವರು ಅದನ್ನು ಅಡಿಗೆ ಮನೆಯ ಗೋಡೆಗೆ ಹಚ್ಚಿ ಇಡಬೇಡಿ, ಬಣವೆಯ ಹತ್ತಿರವೂ ಬೇಡ. ನೆರಳಿನಲ್ಲಿ ಮುಚ್ಚಳ ಬಿಗಿದು ಇಡಿ. ತಳದ ನಾಲ್ಕು ಬೆರಳು ಎಣ್ಣೆಯನ್ನು ಟ್ರ್ಯಾಕ್ಟರಿಗೆ ಹಾಕದೆ ಬಿಡಿ, ನೀರು ಕೂತಿರುವುದು ಅಲ್ಲೇ. ಈಗ ಕೇಳುವುದಿದ್ದರೆ ಕೇಳಿರಿ.